ಸೀ ಮೈನರ್, ಅಂದಂತೆ, ಮಸ್ತ್ ಹೋ

ಶಹಾಬಜಾರದ ಮರೆಪ್ಪ ಕ್ಲಾರಿನೆಟ್ ಊದಿ ದಣಿದವನೋ, ದಣಿದುಕೊಂಡೇ ಹುಟ್ಟಿದವನೋ ಎಂಬುದು ನಮ್ಮ ಓಣಿಯಲ್ಲಿ ಕಡೆಗೂ ತೀರ್ಮಾನವಾಗಲಿಲ್ಲ. ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಾಗಲೂ ಅವನು ಈಗಷ್ಟೇ ಎಲ್ಲಿಂದಲೋ ನಡೆದು ಬಂದವನ ಹಾಗೆ ಕಾಣುತ್ತಿದ್ದ. "ಹ್ಯಾಂಗಿದ್ದಿ ಮರೆಪ್ಪಣ್ಣಾ" ಎಂದು ಯಾರಾದರೂ ಕೇಳಿದರೆ ಮೊದಲು ಒಂದು ಉಸಿರು ತೆಗೆದುಕೊಳ್ಳುತ್ತಿದ್ದ. ಆ ಉಸಿರನ್ನು ಉತ್ತರಕ್ಕೆ ಖರ್ಚು ಮಾಡಬೇಕೋ, ಬರುವ ಮದುವೆಗೆ ಇಟ್ಟುಕೊಳ್ಳಬೇಕೋ ಎಂದು ಯೋಚಿಸುತ್ತಿದ್ದ. ಕೊನೆಗೆ ತಲೆಯಾಡಿಸಿ ಸುಮ್ಮನಾಗುತ್ತಿದ್ದ.

ಅವನದೊಂದು ಬಾಜಾ ಕಂಪನಿ ಇತ್ತು. ಕಂಪನಿ ಎನ್ನುವುದು ನಮ್ಮ ಬಾಯಿಯ ಸೊಕ್ಕು, ಅಷ್ಟೆ. ಮರೆಪ್ಪನ ಕ್ಲಾರಿನೆಟ್, ಇನಾಯತ್‌ನ ಕಾರ್ನೆಟ್, ಸಲಾವುದ್ದೀನ್‌ನ ದೊಡ್ಡ ಢೋಲು, ತಮ್ಮ ಹೆಸರನ್ನು ತಾವೇ ಮರೆತವರಂತೆ ನಿಲ್ಲುವ ಇಬ್ಬರು ತುತ್ತೂರಿಯವರು, ಮತ್ತು ನಾನು. ನನ್ನದು ಝಾಂಜ್, ಅಂದರೆ ಎರಡು ಹಿತ್ತಾಳೆಯ ತಟ್ಟೆ. ಹಗಲು ನಾನು ಕಚೇರಿಯಲ್ಲಿ ನಕಲು ಬರೆಯುವ ಗುಮಾಸ್ತ. ಹಿಂದಿನ ಝಾಂಜಿನವನು ಇನ್‌ಫ್ಲುಯೆಂಜಾ ಬಂದ ವರ್ಷ ತೀರಿಕೊಂಡಾಗ, ಎರಡೂ ಕೈ ಇರುವವನು ಯಾರಾದರೂ ಸಾಕು ಎಂದು ನನ್ನನ್ನು ಸೇರಿಸಿಕೊಂಡರು. ಎರಡು ಕೈ ಇದ್ದರೆ ಸಾಲದು, ಅವು ಒಂದೇ ಹೊತ್ತಿಗೆ ಕೂಡಬೇಕು ಎಂಬುದು ಆಮೇಲೆ ತಿಳಿಯಿತು. ಸಲಾವುದ್ದೀನ್ ಬಹಳ ಮರ್ಯಾದೆಯಿಂದ ಹೇಳುತ್ತಿದ್ದ: "ಮುನ್ಶೀಜೀ, ನೀವು ಬಾರಸೋದು ತಪ್ಪಿಲ್ಲ. ಆದ್ರ ಅದು ನಿನ್ನಿದು. ಇವತ್ತಿಂದು ಇನ್ನಾ ಬರಬೇಕು."

ಮೆರವಣಿಗೆ ಹೊರಡುವ ಮುಂಚೆ ಮರೆಪ್ಪ ನಮ್ಮ ಕಡೆ ತಿರುಗುತ್ತಿದ್ದ. ಕ್ಲಾರಿನೆಟ್ಟನ್ನು ಎದೆಗೆ ಆನಿಸಿಕೊಂಡು, ಮಂತ್ರ ಹೇಳುವವನ ಗಾಂಭೀರ್ಯದಲ್ಲಿ ಹೇಳುತ್ತಿದ್ದ: "ಸೀ ಮೈನರ್. ಅಂದಂತೆ. ಮಸ್ತ್ ಹೋ."

ಇದಾದ ಮೇಲೆ ನಾವು ಬಾರಿಸುತ್ತಿದ್ದದ್ದು ನಮ್ಮ ಬಳಿ ಇದ್ದ ಒಂದೇ ಒಂದು ಇಂಗ್ರೇಜಿ ಗತ್ತು, ಅಂದರೆ ವಾದ್ಯದ ಧಾಟಿ. ಮಿಕ್ಕವೆಲ್ಲ ಲಾವಣಿ, ಭಜನೆ, ನಾಟಕದ ಕಂಪನಿಗಳು ಊರು ಬಿಡುವಾಗ ಮರೆತುಹೋದ ಧಾಟಿಗಳು. ಇಂಗ್ರೇಜಿ ಗತ್ತು ಬಹಳ ಸಣ್ಣದು. ಬಾಯಲ್ಲಿ ಎಲೆಯಡಿಕೆ ಕೆಂಪಾಗುವಷ್ಟರಲ್ಲಿ ಮುಗಿದುಹೋಗುತ್ತಿತ್ತು, ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದೆವು. ಆದರೆ ಕಲಬುರ್ಗಿಯ ಸುತ್ತಮುತ್ತ ಅದಕ್ಕಿದ್ದ ಮರ್ಯಾದೆ ದೊಡ್ಡದು. ವೀಳ್ಯ ಕೊಡುವಾಗಲೇ ಬೀಗರು ಕೇಳುತ್ತಿದ್ದರು, "ಆ ಮೈನರ್ ಬಾರಸ್ತೀರಿ ಹೌದಲ್ರೀ?"

ಅದು ಮರೆಪ್ಪನ ಬಳಿಗೆ ಬಂದ ಕಥೆ ಹೀಗೆ. ಅವನ ಊರು ಕಮಲಾಪುರ. ಮನೆಯಲ್ಲಿ ಕೆಂಬಾಳೆಯ ತೋಟ, ಅಣ್ಣ ದೌಲಪ್ಪ, ಇವರಿಬ್ಬರನ್ನೂ ಸಾಕಿದ ಸೋದರತ್ತೆ ಗುಂಡಮ್ಮ. ಮರೆಪ್ಪನಿಗೆ ಮೀಸೆ ಚಿಗುರುವ ವಯಸ್ಸಿನಲ್ಲಿ ಹುಮನಾಬಾದ ದಾರಿಯಿಂದ ಬಂದ ಒಂದು ಪಲ್ಟನ್ನು ಊರ ಹೊರಗೆ ಬಿಡಾರ ಹೂಡಿತು. ಅದರ ಜೊತೆ ಬ್ಯಾಂಡು. ಬಿಡಾರ ಎದ್ದಾಗ ದೊಡ್ಡ ಢೋಲು ಹೊರಲು ಆಳು ಬೇಕಾಗಿತ್ತು. ಬಾಳೆಗೊನೆ ಹೊತ್ತು ರೂಢಿಯಿದ್ದ ಹೆಗಲು ಮರೆಪ್ಪನದು. ಹೊತ್ತುಕೊಂಡು ಹೋದವನು ಹೈದರಾಬಾದಿನ ತನಕ ಇಳಿಸಲೇ ಇಲ್ಲ.

ಅಲ್ಲಿ ಒಬ್ಬ ಗೋವೆಯ ಬ್ಯಾಂಡ್ ಮಾಸ್ತರ. ವಯಸ್ಸಾದವನು, ಬೊಕ್ಕ ಬಾಯಿ. ಅವನೇ ಮರೆಪ್ಪನ ಕೈಗೆ ಹಳೆಯ ಕ್ಲಾರಿನೆಟ್ ಕೊಟ್ಟು, ಓದು ಬಾರದ ಹುಡುಗನಿಗೆ ಕಿವಿಯ ಮೇಲೆಯೇ ಕಲಿಸಿದ. ಮಧ್ಯಾಹ್ನದ ತಾಲೀಮಿನಲ್ಲಿ ಮಾಸ್ತರನು ಮೊದಲು ಒಂದು ಸಣ್ಣ ಗತ್ತು ಬಾರಿಸುತ್ತಿದ್ದ. ಶುರು ಮಾಡುವ ಮುಂಚೆ ಕೋಲೆತ್ತಿ ಹೇಳುತ್ತಿದ್ದ: "ಸೀ ಮೈನರ್. ಅಂದಾಂತೆ. ಮೆಸ್ತೊ."

ಅಂದಾಂತೆ ಎಂದರೆ ಅಂದಂತೆ ಎಂದು ಮರೆಪ್ಪನಿಗೆ ತಕ್ಷಣ ತಿಳಿಯಿತು. ಹೇಳಿದ ಹಾಗೆ. ನಾ ಹೇಳಿದಂತೆ ಬಾರಿಸು. ಪಲ್ಟನ್ನಿನಲ್ಲಿ ಕನ್ನಡದ ಸಿಪಾಯಿಗಳು ಇದ್ದರಲ್ಲ, ಮಾಸ್ತರ ಸಾಹೇಬನು ಅವರಿಂದ ನಾಲ್ಕು ಮಾತು ಕಲಿತಿದ್ದರೆ ಆಶ್ಚರ್ಯವೇನು? "ನಾವು ಅಂದಂಗ ಅಂತೀವಿ," ಎಂದು ಅವನು ನಮಗೆ ವಿವರಿಸಿದ್ದ. "ಸಾಹೇಬ ಅಂದಂತೆ ಅಂತಿದ್ದ. ಪುಸ್ತಕದ ಕನ್ನಡ ಕಲ್ತಿದ್ದ ನೋಡ್ರಿ ಪಾಪ."

ಮೆಸ್ತೊ ಮಾತ್ರ ಅವನಿಗೆ ಒಗಟಾಗಿ ಉಳಿಯಿತು. ಮೂಸಿ ಹೊಳೆಗೆ ಮಹಾಪೂರ ಬಂದು ಬ್ಯಾಂಡು ಚೆದುರಿ, ಮರೆಪ್ಪ ಕಲಬುರ್ಗಿಗೆ ಬಂದು ಸಲಾವುದ್ದೀನ್‌ನನ್ನು ಕೂಡಿಕೊಂಡ ಮೇಲೆ ಅದು ಬಿಡಿಸಿದಂತಾಯಿತು. ಸಲಾವುದ್ದೀನ್ ಗಾದಿ ಹೊಲಿಯುವವನು, ಮನೆಯಲ್ಲಿ ದಖನಿ ಮಾತು. ಕೇಳಿದ ಕೂಡಲೆ ನಕ್ಕ. "ಅರೆ ಭಾಯಿ, ಅದು ಮಸ್ತ್ ಹೋ. ಮಜಾ ಮಾಡ್ಕೊಂತ ಬಾರ್ಸು ಅಂತ. ಹಲ್ಲಿಲ್ಲದ ಬಾಯಾಗ ಮೆಸ್ತೊ ಆಗ್ಯಾದ."

ಉಳಿದದ್ದು ಮೈನರ್. ಅದನ್ನು ಬಿಡಿಸಿದ ವಿದ್ವಾಂಸ ನಾನೇ. ನಮ್ಮ ಕಚೇರಿಯಲ್ಲಿ ಮೈನರ್ ಎಂದರೆ ಇನ್ನೂ ವಯಸ್ಸಿಗೆ ಬಾರದ ವಾರಸುದಾರ. ಅವನ ಜಾಗೀರನ್ನು ಸರಕಾರ ನೋಡಿಕೊಳ್ಳುತ್ತದೆ. ಹಾಗಾಗಿ ಇದು ವಾರಸು ಸಿಕ್ಕ ಸಣ್ಣ ಜಾಗೀರದಾರನ ಖುಷಿಯ ಗತ್ತು ಎಂದು ನಾನು ತೀರ್ಪು ಕೊಟ್ಟೆ. ಎಲ್ಲರೂ ತಲೆದೂಗಿದರು. ಝಾಂಜಿನ ವಿಷಯದಲ್ಲಿ ನನಗೆ ಎಂದೂ ಸಿಗದ ತಲೆದೂಗು ಅದು.

ಮಾಸ್ತರ ಅದನ್ನು ಸಾವಕಾಶ ಬಾರಿಸುತ್ತಿದ್ದ ಎಂದು ನೀವೇ ಹೇಳಿದ್ದಿರಲ್ಲ ಎಂದು ಇನಾಯತ್ ಒಮ್ಮೆ ಕೇಳಿದ್ದುಂಟು. ಮರೆಪ್ಪ ಅದಕ್ಕೂ ಉತ್ತರ ಇಟ್ಟುಕೊಂಡಿದ್ದ: "ಅದು ತಾಲೀಮು. ಕಲಿಯೋವಾಗ ಯಾರರೆ ಓಡ್ತಾರೇನು?" ಮದುವೆಯಲ್ಲಿ ನಾವು ಓಡಿದೆವು. ವರನ ಅಪ್ಪ ಜೋರು ಎಂದರೆ ಜೋರು, ಇನ್ನೂ ಜೋರು ಎಂದರೆ ಇನ್ನೂ ಜೋರು. ಅಂದಂತೆ. ಅಷ್ಟು ಜೋರಿನಲ್ಲೂ ಆ ಗತ್ತು ಕೇಳಿದಾಗ ಹೆಣ್ಣಿನ ಕಡೆಯವರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಹೆಣ್ಣಿನ ಕಡೆಯವರು ಅತ್ತರೆ ಯಾರು ಕಾರಣ ಕೇಳುತ್ತಾರೆ? ನಮ್ಮ ಕೈಗುಣ ಎಂದುಕೊಂಡೆವು.

ಹೀಗೇ ವರ್ಷಗಳು ಹೋದವು. ಮರೆಪ್ಪನಿಗೆ ದಮ್ಮು ಹತ್ತಿತು. ಆ ಗತ್ತಿನ ನಡುವೆ ಒಂದು ಏರಿಕೆ ಇದೆ; ಮೂರು ಮೆಟ್ಟಿಲು ಹತ್ತಿ, ಮೇಲೆ ನಿಂತು, ಇಳಿಯಬೇಕು. ಓಡುತ್ತ ಹತ್ತುವಾಗ ಅವನ ಕುತ್ತಿಗೆಯ ನರ ಉಬ್ಬುತ್ತಿತ್ತು, ಕಣ್ಣು ಕೆಂಪಾಗುತ್ತಿದ್ದವು. ತಾಜಸುಲ್ತಾನಪುರದ ಒಂದು ಮದುವೆಯಲ್ಲಿ ಅವನು ಮೇಲಿನ ಮೆಟ್ಟಿಲಿಗೆ ಮುಟ್ಟಲೇ ಇಲ್ಲ. ಕ್ಲಾರಿನೆಟ್ಟಿನಿಂದ ಬೆಕ್ಕಿನ ಬಾಲ ತುಳಿದಂಥ ಒಂದು ಸದ್ದು ಬಂತು, ಆಮೇಲೆ ಏನೂ ಇಲ್ಲ. ಇನಾಯತ್ ಕಾರ್ನೆಟ್ಟಿನಿಂದ ಅದನ್ನು ಹಿಡಿದೆತ್ತಿ ಮುಗಿಸಿದ. ಮರೆಪ್ಪ ಗೋಡೆ ಹಿಡಿದು ನಿಂತಿದ್ದ. ಮದುಮಗನ ಕುದುರೆ ಅವನನ್ನು ದಾಟಿ ಹೋಯಿತು.

ಮರುದಿನ ಸಲಾವುದ್ದೀನ್‌ನ ಗಾದಿಯಂಗಡಿಯಲ್ಲಿ ಹತ್ತಿಯ ರಾಶಿಗಳ ನಡುವೆ ಕೂತು ಮಾತಾಡಿದೆವು. ಮಾತು ಎತ್ತಿದವನು ಮರೆಪ್ಪನೇ.

"ಇನ್ನೊಂದು ಸಲ ಉಸಿರು ಕಡೀತಂದ್ರ, ಮುಂದಿನ ಜಾಗ ಇನಾಯತ್‌ಗ. ನಾ ಹಿಂದ ಮುನ್ಶಿಯವರ ಬಾಜೂಕ ನಿಲ್ತೀನಿ."

"ಇಷ್ಟು ದೊಡ್ಡ ಸಜಾ ಬ್ಯಾಡ ಬಿಡು," ಎಂದ ಸಲಾವುದ್ದೀನ್, ನನ್ನ ಕಡೆ ನೋಡದೆ.

ನಕ್ಕೆವು. ಮರೆಪ್ಪ ನಗಲಿಲ್ಲ. ಮುಂದಿನ ಜಾಗ ಎಂದರೆ ಅವನಿಗೆ ಏನು ಎಂಬುದು ನಮಗೆಲ್ಲ ಗೊತ್ತಿತ್ತು. ಅವನು ಪಲ್ಟನ್ನಿನ ಹಿಂದೆ ಹೋದಾಗ ಕಮಲಾಪುರದಲ್ಲಿ ಗುಂಡಮ್ಮ ನಾಲ್ಕು ಮಂದಿಯ ಎದುರು ಹೇಳಿದ್ದಳಂತೆ: "ಬಾಳಿಗಿಡ ಬಿಟ್ಟು ಪುಂಗಿ ಹಿಡ್ದಾನ. ಊರಾಗ ಹಾವು ಹೊಂಟ್ರ ಇವನಿಗಿ ಕರೀರಿ, ಮತ್ಯಾವುದಕ್ಕೂ ಬ್ಯಾಡ." ಊರಿನವರು ಆ ಮಾತನ್ನು ಅಕ್ಷರಶಃ ಪಾಲಿಸಿದರು. ಜಿಲ್ಲೆಯ ಎಷ್ಟೋ ಊರುಗಳಲ್ಲಿ ಊದಿದ ಮರೆಪ್ಪನನ್ನು ಕಮಲಾಪುರ ಮಾತ್ರ ಒಮ್ಮೆಯೂ ಕರೆದಿರಲಿಲ್ಲ. ಹಾವು ಹೊರಟಾಗಲೂ ಕರೆಯಲಿಲ್ಲ.

ಅಂಥ ಹೊತ್ತಿನಲ್ಲಿ ದೌಲಪ್ಪ ಬಂದ. ಒಂದು ಗೊನೆ ಕೆಂಬಾಳೆಯನ್ನು ಕಟ್ಟೆಯ ಮೇಲಿಟ್ಟು, ತಮ್ಮನ ಮುಖ ನೋಡದೆ ಬಾಳೆಯ ಮುಖ ನೋಡುತ್ತ ಮಾತಾಡಿದ.

"ಮಗಳು ಜಯದೇವಿದು ಲಗ್ನ. ಬೀಗರು ಹುಮನಾಬಾದ ಕಡೆಯವರು. ಇಂಗ್ರೇಜಿ ಬಾಜಾ ಬೇಕಂತ."

"ಕರೀರಿ ಮತ್ತ ಯಾರನ್ನರೆ."

"ಅದಕ್ಕ ಬಂದೀನಿ. ನೀ ಮುಂದ ನಿಂತು ಊದ್ತೀ ಅಂತ ಹೇಳೀನಿ ಅವರಿಗಿ. ನನ್ನ ತಮ್ಮ ಅಂತ ಹೇಳೀನಿ."

ಮರೆಪ್ಪ ಬಹಳ ಹೊತ್ತು ಉಸಿರು ತೆಗೆದುಕೊಂಡ. ಒಳಗಿನಿಂದ ಅವನ ಹೆಂಡತಿ ಶಿವಕಾಂತಮ್ಮ ಕೂಗಿ ಹೇಳಿದಳು: "ಬರ್ತಾರಂತ ಹೇಳ್ರಿ ಬಾವಾರ. ಆ ಉಸಿರು ಹೊರಗ ಬರೂದ್ರಾಗ ಲಗ್ನ ಮುಗೀತದ."

ಹೀಗೆ ಕಮಲಾಪುರಕ್ಕೆ ಹೋಗುವುದು ನಿಶ್ಚಯವಾಯಿತು. ಅಂದಿನಿಂದ ಮರೆಪ್ಪನಿಗೆ ಒಂದೇ ಚಿಂತೆ. ಬೇರೆ ಎಲ್ಲಿ ಉಸಿರು ಕಡಿದರೂ ಕಡಿಯಲಿ. ಅಲ್ಲಿ, ಗುಂಡಮ್ಮನ ಎದುರಿಗೆ, ಆ ಗತ್ತನ್ನು ಮುಂದೆ ನಿಂತು ಕೊನೆಯ ತನಕ ಊದಬೇಕು. ಉಸಿರು ಉಳಿಸಿಕೊಳ್ಳಲೆಂದು ಮಾತು ಬಿಟ್ಟ, ಖಾರ ಬಿಟ್ಟ, ಹೆಂಡತಿಯ ಜೊತೆ ವಾದ ಬಿಟ್ಟ. ಮೂರನೆಯದಕ್ಕೆ ಶಿವಕಾಂತಮ್ಮ ಹೆದರಿ ವೈದ್ಯರನ್ನು ಕರೆಸಿದಳು.

ಮದುವೆಗೆ ಸ್ವಲ್ಪ ದಿನ ಮೊದಲು ಕಲಬುರ್ಗಿ ಸ್ಟೇಷನ್ನಿನಲ್ಲಿ ನಮಗೊಂದು ಕೆಲಸ ಬಿತ್ತು. ಹೈದರಾಬಾದಿನಿಂದ ಒಬ್ಬ ದೊಡ್ಡ ಅಧಿಕಾರಿ ಬರುತ್ತಾರೆ, ಬಾಜಾ ಬಾರಿಸಿ ಇಳಿಸಿಕೊಳ್ಳಬೇಕು. ಗಾಡಿ ತಡ. ಎಷ್ಟು ತಡ ಎಂದು ಕೇಳಿದರೆ ಸ್ಟೇಷನ್ನಿನವರಿಗೂ ಬೇಸರ. ಬಿಸಿಲು ತಗಡಿನ ಮೇಲಿಂದ ಇಳಿದು ನಮ್ಮ ಟೋಪಿಯೊಳಗೆ ಕೂತಿತ್ತು. ಹಾರ ತಂದವರು ಹೂವಿಗೆ ನೀರು ಚಿಮುಕಿಸುತ್ತ, ನಡುನಡುವೆ ತಾವೂ ಚಿಮುಕಿಸಿಕೊಳ್ಳುತ್ತ ಕೂತಿದ್ದರು. ಕೈ ಜಡವಾಗದಿರಲಿ ಎಂದು ಸಲಾವುದ್ದೀನ್, "ಮೈನರ್ ಒಂದು ಸಲ ತೆಗೀರಿ" ಎಂದ.

ಮರೆಪ್ಪ ಎದ್ದು ನಿಲ್ಲಲೂ ಇಲ್ಲ. ಪೆಟ್ಟಿಗೆಯೊಂದರ ಮೇಲೆ ಕೂತೇ ಊದಿದ. ಉಸಿರು ಉಳಿಸಬೇಕಲ್ಲ, ಅದಕ್ಕೆ ಎಳೆದು ಎಳೆದು, ನಿಧಾನವಾಗಿ. ನಮಗೂ ಅವಸರವಿರಲಿಲ್ಲ; ಗಾಡಿಯೇ ನಿಧಾನವಾಗಿರುವಾಗ ನಮಗೇನು? ಢೋಲು ದೂರದಲ್ಲಿ ಯಾರೋ ಬಾಗಿಲು ಮುಚ್ಚಿದಂತೆ ಕೇಳುತ್ತಿತ್ತು. ನಾನು ಝಾಂಜನ್ನು ಬಿಸಿಲಿಗೆ ಅಡ್ಡ ಹಿಡಿದಿದ್ದೆ.

ಮುಗಿದಾಗ ನೋಡಿದರೆ ಎದುರಿಗೆ ಒಬ್ಬ ರೈಲ್ವೆ ಗಾರ್ಡ್ ನಿಂತಿದ್ದ. ಗೋವೆಯವನು, ಕಪ್ಪು ಕೋಟು, ತನ್ನ ಗಾಡಿಗಾಗಿ ಕಾಯುತ್ತಿದ್ದವನು. ಟೋಪಿ ತೆಗೆದು ಎದೆಗೆ ಹಿಡಿದುಕೊಂಡಿದ್ದ.

"ಕೌನ್ ಗುಜರ್ ಗಯಾ?" ಎಂದು ಮೆಲ್ಲಗೆ ಕೇಳಿದ.

ಯಾರೂ ತೀರಿಕೊಂಡಿಲ್ಲ, ಸಾಹೇಬರು ಬರುವವರಿದ್ದಾರೆ, ಎಂದೆವು. ಅವನು ಟೋಪಿಯನ್ನು ಮತ್ತೆ ಹಾಕಿಕೊಳ್ಳಬೇಕೋ ಬೇಡವೋ ತಿಳಿಯದೆ ಕೈಯಲ್ಲೇ ತಿರುಗಿಸಿದ. ಈ ಗತ್ತು ತನಗೆ ಗೊತ್ತು ಎಂದ. ಸಣ್ಣವನಿದ್ದಾಗ ಪಣಜಿಯಲ್ಲಿ ಕೇಳಿದ್ದೇನೆ; ಇಪ್ಪತ್ತು ಪಿಟೀಲು, ಕೊಳಲು, ಎಲ್ಲ ಸೇರಿ ಬಾರಿಸುವಂಥದ್ದು, ನೀವು ಐದಾರು ಜನ ಹೇಗೆ ಹಿಡಿದಿರಿ ಎಂದ. ಮರೆಪ್ಪನಿಗೆ ಹೆಮ್ಮೆಯಾಯಿತು. ಎದ್ದು ನಿಂತು ಪೂರಾ ಮಂತ್ರ ಹೇಳಿದ: "ಸೀ ಮೈನರ್. ಅಂದಂತೆ. ಮಸ್ತ್ ಹೋ."

ಗಾರ್ಡ್ ಎರಡು ಸಲ ಹೇಳಿಸಿಕೊಂಡ. ಮೂರನೆಯ ಸಲಕ್ಕೆ ಅವನ ಮುಖದಲ್ಲಿ ಅರ್ಥ ಮೂಡಿತು, ಅದರ ಹಿಂದೆಯೇ ನಗು ಬಂತು, ಅದನ್ನು ಅವನು ಒಳ್ಳೆಯ ಮನುಷ್ಯನಾದ್ದರಿಂದ ನುಂಗಿಕೊಂಡ. ಅವನ ಹಿಂದುಸ್ತಾನಿಯನ್ನು ನನಗೆ ತಿಳಿದಷ್ಟು ಕನ್ನಡಕ್ಕೆ ಇಳಿಸುತ್ತೇನೆ.

"ಮೈನರ್ ಎಂದರೆ ಹುಡುಗನಲ್ಲ. ಸುರದ ಜಾತಿ ಅದು. ದುಃಖದಲ್ಲಿ ಮುಖ ಇಳಿದಿರುತ್ತದಲ್ಲ, ಹಾಗೆ ಒಂದು ಸುರ ಸ್ವಲ್ಪ ಇಳಿದಿರುತ್ತದೆ. ಅಂದಾಂತೆ ಇಟಲಿಯ ಮಾತು, ಕನ್ನಡವಲ್ಲ. ನಡೆಯುತ್ತ ಎಂದು ಅರ್ಥ. ಓಡಬಾರದು, ನಿಲ್ಲಬಾರದು, ಮನುಷ್ಯ ನಡೆಯುವ ಹಾಗೆ. ಮೆಸ್ತೊ ಎಂದರೆ ದುಃಖದಿಂದ."

ಪ್ಲಾಟ್‌ಫಾರ್ಮಿನ ಮೇಲೆ ಹಾರದವರ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಸಲಾವುದ್ದೀನ್ ಢೋಲಿನ ಮೇಲೆ ಕೈಯಿಟ್ಟು ಕೂತುಬಿಟ್ಟ.

"ಮಸ್ತ್ ಹೋ ಅಂದವ ಯಾಂವ?" ಎಂದು ಕೇಳಿದ ಮರೆಪ್ಪ.

"ಅಂದಂತೆ ಅಂದವ ಯಾಂವ?" ಎಂದ ಸಲಾವುದ್ದೀನ್.

"ನನಗ ಕನ್ನಡ ಬರ್ತದ, ಅದಕ್ಕ ಕನ್ನಡ ಕೇಳಿಸ್ತು."

"ನನಗ ಉರ್ದು ಬರ್ತದ. ನಮ್ದು ಏನು ಗುನ್ಹೆ?"

ಇಬ್ಬರೂ ಸೇರಿ ನನ್ನ ಕಡೆ ನೋಡಿದರು. ವಾರಸುದಾರನ ಜಾಗೀರು ನೆನಪಾಗಿ ನಾನು ಹಳಿಗಳ ಕಡೆ ನೋಡಿದೆ. ಮಾತು ತಿರುಗಿಸಲೆಂದು ಗಾರ್ಡ್ ಸಾಹೇಬನನ್ನು ಕೇಳಿದೆ: "ಇದರಲ್ಲಿ ಝಾಂಜ್ ಎಲ್ಲಿ ಹೊಡೆಯಬೇಕು?"

ಅವನು ನನ್ನ ತಟ್ಟೆಗಳನ್ನು ಕರುಣೆಯಿಂದ ನೋಡಿದ. "ಇದರಲ್ಲಿ ಝಾಂಜ್ ಇಲ್ಲ," ಎಂದ.

ಅವನ ಗಾಡಿ ಬಂತು, ಹತ್ತಿಹೋದ. ನಮ್ಮ ಅಧಿಕಾರಿಯ ಗಾಡಿ ಬಂದಾಗ ನಾವು ಭಜನೆಯೊಂದನ್ನು ಬಾರಿಸಿ ಮನೆಗೆ ಬಂದೆವು.

ಆ ವಾರ ಶಹಾಬಜಾರದಲ್ಲಿ ನಾವು ತಲೆ ತಗ್ಗಿಸಿ ಓಡಾಡಿದೆವು. ಯಾರಿಗೂ ಹೇಳಬಾರದೆಂದು ಆಣೆ ಹಾಕಿಕೊಂಡು, ಎಲ್ಲರೂ ಮನೆಯಲ್ಲಿ ಹೇಳಿದೆವು. ಎಷ್ಟು ಮದುವೆಗಳಲ್ಲಿ ದುಃಖವನ್ನು ಓಡಿಸಿಕೊಂಡು ಹೋಗಿದ್ದೇವೆ ಎಂದು ನೆನೆದು ಸಲಾವುದ್ದೀನ್‌ಗೆ ಊಟ ಸೇರಲಿಲ್ಲ. ನಾವು ಬಾರಿಸಿದ ಮನೆಗಳಿಗೆಲ್ಲ ಗಾದಿಯ ನೆಪದಲ್ಲಿ ಹೋಗಿ ಗಂಡಹೆಂಡಿರು ಹೇಗಿದ್ದಾರೆಂದು ನೋಡಿಬಂದ. "ಅಮೀನಾ ಚೆನ್ನಾಗಿದಾಳ. ಐದು ಮಕ್ಕಳು. ಗಂಡ ಹೆದರ್ತಾನ," ಎಂದು ಸ್ವಲ್ಪ ಸಮಾಧಾನದಿಂದ ವರದಿ ಕೊಟ್ಟ. ನನ್ನ ಮದುವೆಯಲ್ಲೂ ಇದೇ ಬಾಜಾ ಇದೇ ಮೈನರ್ ಬಾರಿಸಿತ್ತು. ಹೆಂಡತಿ ಅಂಬಮ್ಮನಿಗೆ ಹೆದರುತ್ತಲೇ ವಿಷಯ ತಿಳಿಸಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನನಗ ಅವತ್ತೇ ಗೊತ್ತಾಗಿತ್ತು," ಎಂದಳು.

ಶಿವಕಾಂತಮ್ಮ ಮಾತ್ರ ಗಂಡನನ್ನು ಬೇರೆಯೇ ಪ್ರಶ್ನೆ ಕೇಳಿದಳು. ನಾನು ಅಲ್ಲೇ ಇದ್ದೆ.

"ಅಂದ್ರ ನಡಿಯೋ ಹಾಡು ಅದು?"

"ಹೂಂ."

"ಇಷ್ಟು ವರ್ಷ ನೀ ಅದನ್ನ ಓಡ್ಕೊಂತ ಊದಿದಿ?"

"ಹೂಂ."

"ಮತ್ತ ದಣೀದ ಏನು ಮಾಡ್ತಿ."

ಮರೆಪ್ಪ ಅವಳ ಮುಖವನ್ನೇ ನೋಡಿದ. ಆಮೇಲೆ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ. ಅವನ ಬೆರಳುಗಳು ತೊಡೆಯ ಮೇಲೆ ನಿಧಾನವಾಗಿ ಆಡುತ್ತಿದ್ದವು.

ಕಮಲಾಪುರಕ್ಕೆ ಬೆಳಿಗ್ಗೆ ಬಿಟ್ಟ ಚಕ್ಕಡಿ ಹೊತ್ತು ಮುಳುಗುವಾಗ ಮುಟ್ಟಿತು. ಮೊದಲು ಎರೆ ಮಣ್ಣು, ಊರು ಹತ್ತಿರವಾದಂತೆ ಕೆಂಪು ಮಣ್ಣು, ದಾರಿಯುದ್ದಕ್ಕೂ ಧೂಳು, ಎತ್ತಿನ ಗಂಟೆಯ ಒಂದೇ ಸದ್ದು. ಚಕ್ಕಡಿಯಲ್ಲೇ ತೀರ್ಮಾನವಾಯಿತು: ಇಲ್ಲಿ ಮೈನರ್ ಬಾರಿಸುವುದು ಬೇಡ.

"ಅಣ್ಣನ ಮಗಳ ಲಗ್ನದಾಗ ಸಾವಿನ ಹಾಡು ಬ್ಯಾಡ," ಎಂದ ಮರೆಪ್ಪ.

"ಸಾವು ಅಂದಿಲ್ಲ ಅಂವ. ದುಃಖ ಅಂದಾನ," ಎಂದ ಸಲಾವುದ್ದೀನ್.

"ಎರಡೂ ಬ್ಯಾಡ."

ಲಗ್ನ ಚೆನ್ನಾಗಿಯೇ ನಡೆಯಿತು. ಲಾವಣಿ ಬಾರಿಸಿದೆವು, ಭಜನೆ ಬಾರಿಸಿದೆವು, ನಾಟಕದ ಧಾಟಿಗಳನ್ನು ಹಿಂದೆ ಮುಂದೆ ತಿರುವಿ ಬಾರಿಸಿದೆವು. ಮರೆಪ್ಪ ಮುಂದೆ ನಿಂತು, ಕಷ್ಟದ ಜಾಗ ಬಂದಾಗ ಇನಾಯತ್‌ಗೆ ಕಣ್ಣು ಮಾಡಿ, ಹೇಗೋ ದಾಟಿಸಿದ. ಊರಿನವರು ಅವನನ್ನು ನೋಡುತ್ತಿದ್ದರು. ಅವನು ಯಾರನ್ನೂ ನೋಡಲಿಲ್ಲ. ಕೊನೆಗೆ ಹೆಣ್ಣು ಕಳಿಸುವ ಹೊತ್ತು ಬಂತು. ಮನೆಯಿಂದ ಊರ ಹೆಬ್ಬಾಗಿಲಾದ ಅಗಸಿಯ ತನಕ ನಡೆದು ಹೋಗಬೇಕು, ಅಲ್ಲಿ ಬೀಗರ ಬಂಡಿಗಳು ಕಾದಿದ್ದವು. ಮಧ್ಯಾಹ್ನ ಇಳಿಯುತ್ತಿತ್ತು. ಮೂರು ದಿನ ನಿದ್ದೆಗೆಟ್ಟು ಎಲ್ಲರ ಕಣ್ಣೂ ಒಳಗೆ ಹೋಗಿದ್ದವು. ಹೂವು ಬಾಡಿ ಅರಿಶಿನದ ವಾಸನೆ ಮಾತ್ರ ಉಳಿದಿತ್ತು.

ದೌಲಪ್ಪ ನಮ್ಮ ಬಳಿ ಬಂದ. "ಬೀಗರು ಕೇಳಾಕತ್ತಾರ. ಆ ಇಂಗ್ರೇಜಿ ಮೈನರ್ ಇನ್ನಾ ಯಾಕ ಬಾರಸಿಲ್ಲ ಅಂತ. ಈಗ ಬಾರಸ್ರಿ. ಜೋರ್ ಬಾರಸ್ರಿ."

"ಬ್ಯಾರೆದು ಬಾರಸ್ತೀವಿ," ಎಂದ ಮರೆಪ್ಪ.

"ಬ್ಯಾರೆದು ಹಲಗಿಯವ್ರೂ ಬಾರಸ್ತಾರ. ನಿನಗ ಯಾಕ ಕರದೀನಿ ನಾ?"

ಇನಾಯತ್ ತಗ್ಗಿದ ದನಿಯಲ್ಲಿ ಹೇಳಿದ: "ಚಾಚಾ, ನೀವು ಹಿಂದ ಸರೀರಿ. ನಾ ಜೋರ್ ತೆಗೀತೀನಿ. ಯಾರಿಗೂ ಏನೂ ತಿಳಿಯಂಗಿಲ್ಲ." ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅದಕ್ಕೇ ಮರೆಪ್ಪನಿಗೆ ಸಿಟ್ಟು ಮಾಡಲೂ ಆಗಲಿಲ್ಲ. ಜೋರು ಊದಿದರೆ ಏರಿಕೆಯಲ್ಲಿ ಉಸಿರು ಕಡಿಯುತ್ತದೆ. ಹಿಂದೆ ಸರಿದರೆ ಇಡೀ ಕಮಲಾಪುರ ನೋಡುತ್ತದೆ. ನಿಧಾನ ಊದಿದರೆ ಮದುವೆಯಲ್ಲಿ ದುಃಖ ಊದಿದಂತೆ. ಅವನು ಕ್ಲಾರಿನೆಟ್ಟಿನ ಬಾಯಿಯನ್ನು ಅಂಗಿಯ ತುದಿಯಿಂದ ಒರೆಸಿದ, ಮತ್ತೆ ಒರೆಸಿದ. ಒಂದು ಹೆಜ್ಜೆ ಹಿಂದೆ ಇಡಲು ಕಾಲೆತ್ತಿದ್ದನ್ನು ನಾನು ಕಂಡೆ.

ಆಗ ಗುಂಡಮ್ಮ ಹೊರಗೆ ಬಂದಳು. ಬೆನ್ನು ಬಾಗಿ ನೆಲ ನೋಡುತ್ತಿದ್ದ ಮುದುಕಿ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಜಯದೇವಿಯ ಕೈಯಲ್ಲಿ.

"ಮುಂದ ನಿಂತವ ಯಾಂವ? ಮರ್ಯಾ ಏನು?"

"ಹೌದತ್ತಿ."

"ಸಾವಕಾಶ ಊದು."

"ಏನಂದಿ?"

"ಕಿವಿ ನಿನಗೂ ಹೋಗ್ಯಾವೇನು? ಸಾವಕಾಶ ಊದು ಅಂದೆ. ನನ್ನ ಲಗ್ನದಾಗ ಹಲಗಿಯವ್ರು ಓಡೇ ಹೋದ್ರು. ನಾವು ಅಗಸಿಗಿ ಮುಟ್ಟೂದ್ರಾಗ ಅವ್ರು ಕುಂತು ಚಿಲುಮಿ ಸೇದಾಕತ್ತಿದ್ರು. ದೌಲ್ಯಾನ ಲಗ್ನದಾಗೂ ಹಂಗೇ. ಈ ಹುಡುಗಿ ಕೈ ಹಿಡ್ಕೊಂಡು ಅಗಸಿ ತನಕ ನಡೀಬೇಕು ನಾ. ನಡಿಯೋ ಅಂಥದ್ದು ಬರ್ತದೋ ಇಲ್ಲೋ ನಿನಗ?"

ಮರೆಪ್ಪ ಎತ್ತಿದ ಕಾಲನ್ನು ಇದ್ದಲ್ಲಿಯೇ ಇಳಿಸಿದ. "ಬರ್ತದ," ಎಂದ. ನಮ್ಮ ಕಡೆ ತಿರುಗಿ ಕ್ಲಾರಿನೆಟ್ಟನ್ನು ಎದೆಗೆ ಆನಿಸಿಕೊಂಡ.

"ಸೀ ಮೈನರ್," ಎಂದ. "ಅಂದಂತೆ." ಮೂರನೆಯ ಮಾತು ಅವನ ಬಾಯಿಗೆ ಬರಲಿಲ್ಲ. ಸಲಾವುದ್ದೀನ್ ಢೋಲಿನ ಹಿಂದಿನಿಂದ, ಗಾರ್ಡ್ ಹೇಳಿದ ಹಾಗೆಯೇ, ಮೆಲ್ಲಗೆ ಪೂರ್ತಿ ಮಾಡಿದ: "ಮೆಸ್ತೊ."

ಅವನು ಊದಿದ. ಮನುಷ್ಯ ನಡೆಯುವ ಹಾಗೆ, ಅದೂ ವಯಸ್ಸಾದ ಮನುಷ್ಯ ನಡೆಯುವ ಹಾಗೆ. ನನಗೆ ಕೆಲಸವಿರಲಿಲ್ಲ, ಝಾಂಜನ್ನು ಕಂಕುಳಲ್ಲಿ ಅವಚಿಕೊಂಡು ಪಕ್ಕದಲ್ಲಿ ನಡೆದೆ. ಗುಂಡಮ್ಮ ಓರೆಗಣ್ಣಿನಲ್ಲಿ ನೋಡಿದಳು.

"ನೀ ಯಾಕ ಸುಮ್ಮನಿದ್ದಿ?"

"ಇದ್ರಾಗ ನನಗ ಕೆಲಸ ಇಲ್ಲ, ಆಯಿ."

"ಹಂಗಾರ ಹಿಡಿ," ಎಂದು ಕೋಲನ್ನು ನನ್ನ ಕೈಗೊತ್ತಿ ಮೊಣಕೈಯನ್ನು ನನ್ನ ಮೇಲೆ ಹಾಕಿದಳು. ಬಾಜಾ ಕಂಪನಿಯಲ್ಲಿ ನಾನು ಸರಿಯಾದ ಹೊತ್ತಿಗೆ ಮಾಡಿದ ಕೆಲಸ ಅದೊಂದೇ.

ನಾವು ಓಡುವಾಗ ಆ ಗತ್ತಿನ ಬಿಡುವುಗಳನ್ನೆಲ್ಲ ನುಂಗಿಬಿಡುತ್ತಿದ್ದೆವು. ಈಗ ಅವು ಒಂದೊಂದಾಗಿ ಹೊರಗೆ ಬಂದವು. ಪ್ರತಿ ಬಿಡುವಿನಲ್ಲೂ ಮುದುಕಿಯ ಕಾಲು ನೆಲಕ್ಕೆ ತಾಗುವುದು ಕೇಳುತ್ತಿತ್ತು, ಮರೆಪ್ಪನ ಉಸಿರು ಒಳಗೆ ಹೋಗುವುದು ಕೇಳುತ್ತಿತ್ತು. ಏರಿಕೆ ಬಂತು. ಇನಾಯತ್ ಕಾರ್ನೆಟ್ಟನ್ನು ತುಟಿಯ ಹತ್ತಿರ ತಂದು ಸಿದ್ಧನಾಗಿ ನಿಂತ. ಮೊದಲನೆಯ ಮೆಟ್ಟಿಲು. ಉಸಿರು. ಎರಡನೆಯದು. ಉಸಿರು. ಮೂರನೆಯದರ ಮೇಲೆ ಮರೆಪ್ಪ ನಿಂತ, ಹೆಜ್ಜೆಯೂ ನಿಂತಿತು, ಜಯದೇವಿ ಹಿಂದಿರುಗಿ ಮನೆಯನ್ನು ಒಮ್ಮೆ ನೋಡಿದಳು. ಆಮೇಲೆ ಇಳಿದೆವು. ಇನಾಯತ್ ಕಾರ್ನೆಟ್ಟನ್ನು ಕೆಳಗಿಳಿಸಿದ.

ಹಿಂದಿನಿಂದ ವರನ ಅಪ್ಪನ ದನಿ ಕೇಳಿತು: "ಇದೇನ್ರೀ ದೌಲಪ್ಪ, ಜೋರಿಲ್ಲ, ಏನಿಲ್ಲ?"

ದೌಲಪ್ಪ ತನ್ನ ಜೀವನದಲ್ಲಿ ಮೊದಲ ಸಲ ತಮ್ಮನ ಪರ ಸುಳ್ಳು ಹೇಳಿದ. "ಇಂಗ್ರೇಜ್ರು ಹೆಣ್ಣು ಕಳಸೋವಾಗ ಹಿಂಗೇ ಬಾರಸ್ತಾರಂತ್ರೀ." ಹೇಳುತ್ತ ಹೆಗಲಿನ ವಸ್ತ್ರದಿಂದ ಕಣ್ಣು ಒರೆಸಿಕೊಂಡ, ಹಾಗಾಗಿ ಬೀಗರು ನಂಬಿದರು.

ಗತ್ತು ಹನುಮಪ್ಪನ ಗುಡಿಯ ಎದುರಿಗೇ ಮುಗಿದುಹೋಯಿತು. ಅಗಸಿ ಇನ್ನೂ ದೂರವಿತ್ತು. ಮತ್ತೆ ಮೊದಲಿನಿಂದ ಹಿಡಿಯಿರಿ ಎಂದು ಯಾರೂ ಅನ್ನಲಿಲ್ಲ. ಉಳಿದ ದಾರಿಯನ್ನು ಸುಮ್ಮನೆ ನಡೆದೆವು, ಇಡೀ ಮೆರವಣಿಗೆ, ಧೂಳಿನಲ್ಲಿ ಬರೀ ಕಾಲಿನ ಸದ್ದು. ಅಗಸಿಯಲ್ಲಿ ಗುಂಡಮ್ಮ ಮೊಮ್ಮಗಳ ಕೈಯನ್ನು ಬೀಗಿತಿಯ ಕೈಯಲ್ಲಿಟ್ಟು, ಬಂಡಿ ಕಣ್ಮರೆಯಾಗುವ ತನಕ ನಿಂತು, ಮರೆಪ್ಪನ ಕಡೆ ತಿರುಗಿದಳು. ಸುತ್ತಲೂ ನೆಲವನ್ನು ಹುಡುಕಿದಳು.

"ಎಲ್ಲೋ, ಒಂದೂ ಹಾವು ಬರಲಿಲ್ಲಲ್ಲ," ಎಂದಳು.

ಮರೆಪ್ಪ ನಕ್ಕ. ನಗುವಷ್ಟು ಉಸಿರು ಉಳಿದಿರಲಿಲ್ಲ, ಹಾಗಾಗಿ ಬರೀ ಭುಜ ಅಲುಗಿತು. ಮುದುಕಿ ಅವನ ಗಲ್ಲವನ್ನು ಒಮ್ಮೆ ಮುಟ್ಟಿ, ನನ್ನ ಕೈಯಿಂದ ಕೋಲನ್ನು ಕಿತ್ತುಕೊಂಡು ಮನೆಯ ಕಡೆ ಹೊರಟಳು.

ಅದರಿಂದ ದಮ್ಮೇನೂ ವಾಸಿಯಾಗಲಿಲ್ಲ. ಮರುದಿನ ಚಕ್ಕಡಿಯಲ್ಲಿ ಬರುವಾಗ ಮರೆಪ್ಪ ತಾನಾಗಿಯೇ ಹೇಳಿದ: "ಇನಾಯತ್, ಇನ್ನ ಮುಂದ ನೀ ನಿಲ್ಲು. ಹೆಣ್ಣು ಕಳಸೂದು ಒಂದು ನನಗ ಇರ್ಲಿ." ಹೇಳಿದ ಮೇಲೆ ಅವನು ಬಾಳೆಗೊನೆಗೆ ಒರಗಿ ನಿದ್ದೆಹೋದ, ಬಾಯಿ ತೆರೆದುಕೊಂಡು. ಅವನ ಉಸಿರು ಎಳೆದು ಎಳೆದು ಬರುತ್ತಿತ್ತು, ನಡುನಡುವೆ ನಿಲ್ಲುತ್ತಿತ್ತು, ನಿಂತಾಗಲೆಲ್ಲ ನಾವು ಅವನ ಮುಖ ನೋಡುತ್ತಿದ್ದೆವು, ಮತ್ತೆ ಹೊರಡುತ್ತಿತ್ತು. ಚಕ್ಕಡಿ ಗುಂಡಿಗೆ ಬಿದ್ದಾಗ ನನ್ನ ಝಾಂಜ್ ತಾನೇ ಒಮ್ಮೆ ಝಣ್ಣೆಂದಿತು. ಸಲಾವುದ್ದೀನ್ ಕೈ ಚಾಚಿ ಎರಡೂ ತಟ್ಟೆಗಳ ನಡುವೆ ತನ್ನ ಹೆಗಲಿನ ವಸ್ತ್ರವನ್ನು ತುರುಕಿದ.

"ಮಲಗ್ಲಿ ಬಿಡ್ರಿ," ಎಂದ.